ಜೀಪಿನ ಹೊಟ್ಟೆಯೊಳಗಿನ ಹಲಸಿನ ಬೆಣೆ

ಕಾರ್ಕಳದಲ್ಲಿ ನನ್ನ ಗ್ಯಾರೇಜಿನ ಬಾಗಿಲ ಪಕ್ಕದ ಗೋಡೆಗೆ ಒಂದು ಸಾಲು ಮೊಳೆ ಹೊಡೆದಿದ್ದೇನೆ. ಬೇರೆಯವರು ಮಾಡಿಟ್ಟ ಹೊಲಸು ಕೆಲಸ ಯಾವ ಗಾಡಿಯಲ್ಲಿ ಸಿಕ್ಕಿದರೂ ಬಿಚ್ಚಿ ತಂದು ಅಲ್ಲಿ ನೇತುಹಾಕುವುದು ನನ್ನ ಪದ್ಧತಿ. ಬಿಸ್ಕತ್ತಿನ ಡಬ್ಬ ಕತ್ತರಿಸಿ ಮಾಡಿದ ಗ್ಯಾಸ್ಕೆಟ್, ಬೋಲ್ಟಿನ ಬದಲಿಗೆ ತುರುಕಿದ ಕೊಡೆಯ ಕಡ್ಡಿ, ಪೆಟ್ರೋಲ್ ಟ್ಯಾಂಕಿನ ತೂತಿಗೆ ಮೆತ್ತಿದ ಸಾಬೂನು, ಹೀಗೆ. ಬಂದವರು ಇದೆಂತದು ಎಂದು ಕೇಳುತ್ತಿದ್ದರು. ನಾನು ವಿವರಿಸುತ್ತಿದ್ದೆ. ಇಬ್ಬರೂ ಸೇರಿ ಮಾಡಿದವನಿಗೆ ಬೈಯುತ್ತಿದ್ದೆವು. ಹೇಸಿಗೆ ಸಾಲು ಎಂದು ಅದಕ್ಕೆ ಹೆಸರಿಟ್ಟವನೂ ನಾನೇ. ಆ ಕಾಲದಲ್ಲಿ ನನ್ನ ಕೆಲಸದ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಅಹಂಕಾರವಿತ್ತು.

ಎಂಬತ್ತರ ದಶಕ ಶುರುವಾದ ಹೊಸತು. ಫೆಬ್ರವರಿಯಲ್ಲಿ ಬೆಳ್ಮಣ್ಣಿನ ಪೊರ್ಬುಗಳೊಬ್ಬರು ಒಂದು ಜೀಪು ತಂದು ನಿಲ್ಲಿಸಿದರು. ಕೊಂಕಣಿ ಮಾತಾಡುವ ಕ್ರಿಸ್ತುವ ಗಂಡಸರನ್ನು ನಮ್ಮಲ್ಲಿ ಪೊರ್ಬುಗಳು ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು. ಇವರು ಗಲ್ಫಿನ ಒಂದು ತೈಲ ಕಂಪೆನಿಯಲ್ಲಿ ಹನ್ನೆರಡು ವರ್ಷ ಮರಳುಗಾಡಿನ ಮೇಲೆ ಗಾಡಿ ಓಡಿಸಿದವರು. ರಜೆಯಲ್ಲಿ ಬಂದಿದ್ದರು, ಮೇ ಕೊನೆಗೆ ವಾಪಸು ಹೋಗಬೇಕು. ಹೆಂಡತಿಯನ್ನೂ ಹೈಸ್ಕೂಲಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಕಾಶ್ಮೀರದವರೆಗೆ ತಾನೇ ಓಡಿಸಿಕೊಂಡು ಹೋಗಿ ಬರಬೇಕು ಎಂಬುದು ಅವರ ಆಸೆ. ಪ್ರತಿ ರಜೆಯಲ್ಲೂ ಹೇಳುತ್ತಾ ಬಂದ ಮಾತಂತೆ.

"ಮೇಸ್ತ್ರಿಯವರೇ, ಈ ಸಲ ಹೋಗದಿದ್ರೆ ಇಲ್ಲ. ದೊಡ್ಡವಳದ್ದು ಹತ್ತನೇ ಕ್ಲಾಸು ಮುಗೀತಾ ಬಂತು. ಮುಂದಿನ ಸಲ ನಾನು ಬರುವಾಗ ಅವಳು ಹಾಸ್ಟೆಲ್ಲಿನಲ್ಲಿ ಇರ್ತಾಳೆ" ಎಂದರು. ನಮ್ಮ ಮಾತು ತುಳುವಿನಲ್ಲಿ ನಡೆದದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಜೀಪು ಉಡುಪಿಯ ದಲ್ಲಾಳಿಯೊಬ್ಬನ ಕೈಯಿಂದ ಬಂದದ್ದು. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಗಾಡಿ, ನಾಲ್ಕೂ ಚಕ್ರಕ್ಕೆ ಎಳೆತ ಇರುವಂಥದ್ದು. ಘಟ್ಟದ ಮೇಲೆ ಒಬ್ಬರೇ ಡಾಕ್ಟರು ಓಡಿಸಿದ ಗಾಡಿ ಎಂದು ದಲ್ಲಾಳಿ ಹೇಳಿದ್ದನಂತೆ. ದಲ್ಲಾಳಿಗಳ ಲೆಕ್ಕದಲ್ಲಿ ಈ ದೇಶದ ಎಲ್ಲ ಹಳೆಯ ಗಾಡಿಗಳನ್ನೂ ಡಾಕ್ಟರುಗಳೇ ಓಡಿಸಿದ್ದು. ಮೇಲೆ ಹೊಸ ಹಸಿರು ಬಣ್ಣ, ಅಡಿಗೆ ಬೆರಳು ದಪ್ಪ ಡಾಂಬರು. ಒಂದು ಸುತ್ತು ಬರುವಾಗಲೇ ನನ್ನ ಮೂಗಿಗೆ ಒಂದು ವಾಸನೆ ಬಡಿಯಿತು. ಹಳೆಯ ಮೀನೆಣ್ಣೆಯದ್ದು. ನಾನು ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿದವನು, ಪೊರ್ಬುಗಳ ಮನೆಯಲ್ಲೂ ಮೀನಿಲ್ಲದೆ ಊಟವಿಲ್ಲ. ನಮಗೆ ಮೀನಿನ ವಾಸನೆ ಎಂದರೆ ಹಸಿವಾಗುತ್ತದೆ. ಆದರೆ ವರ್ಷಗಟ್ಟಲೆ ಮುಚ್ಚಿಟ್ಟು ಹಳಸಿದ ಮೀನೆಣ್ಣೆ ಬೇರೆ, ಅದು ಗಂಟಲಿಗೆ ಅಂಟಿಕೊಳ್ಳುತ್ತದೆ.

"ಡಾಕ್ಟರು ಬೂತಾಯಿ ಮೀನಿಗೆ ಔಷಧಿ ಕೊಡುತ್ತಿದ್ದರೋ ಏನೋ" ಎಂದೆ. ಪೊರ್ಬುಗಳು ನಗಲಿಲ್ಲ. ಜೊತೆಗೆ ಬಂದಿದ್ದ ಬಾಯಮ್ಮ ನಕ್ಕರು.

ಕೆಲಸ ಹಿಡಿದೆ. ಮೊದಲು ಎಂಜಿನ್ ಇಳಿಸಿ ರಿಂಗು, ಬೇರಿಂಗು, ವಾಲ್ವು. ಆಮೇಲೆ ಮುಂದಿನ ಆಕ್ಸಲ್. ಚಕ್ರ ತಿರುಗುವ ಗಂಟಿನ ಎರಡೂ ಸೀಲು ಹರಿದು ಗ್ರೀಸಿನ ಜೊತೆ ಮರಳು ಅರೆದು ಚಟ್ನಿಯಾಗಿತ್ತು. ಹಿಂದೆ ಕೆಲಸ ಮಾಡಿದ ಮಹಾಶಯ ಸೀಲಿನ ಬದಲಿಗೆ ತೆಂಗಿನ ನಾರಿನ ಹಗ್ಗ ಸುತ್ತಿದ್ದ. ಅದನ್ನು ಮೊಳೆಗೆ ಹಾಕಿದೆ. ಮುಂದಿನ ಚಕ್ರಕ್ಕೆ ಎಳೆತ ಕೊಡುವ ಗೇರಿನ ಲಿವರಿನಲ್ಲಿ ಪಿನ್ನಿನ ಬದಲು ಸೈಕಲ್ಲಿನ ಕಡ್ಡಿ ಇತ್ತು. ಅದೂ ಮೊಳೆಗೆ. ದಿನಕ್ಕೊಂದು ಸಿಗುತ್ತಿತ್ತು. ಪ್ರತಿ ಸಲವೂ ಮಾಡಿದವನ ಏಳು ತಲೆಮಾರನ್ನು ನೆನೆದು ಬೈದೆ. ಕೈಯಲ್ಲಿ ಹತ್ಯಾರು ಹಿಡಿಯುವ ಯೋಗ್ಯತೆ ಇಲ್ಲದವರು ಗಾಡಿ ಮುಟ್ಟುವುದನ್ನು ಕಂಡರೆ ನನಗೆ ಇವತ್ತಿಗೂ ಅಸಹ್ಯ.

ದೂರದ ದಾರಿಗೆ ಬೇಕಾದ ತಯಾರಿಯೂ ಜೊತೆಯಲ್ಲೇ ನಡೆಯಿತು. ಹಿಂದಿನ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಹಾಕಿದೆ. ಪಕ್ಕದ ಸೀಟಿನ ಅಡಿಯಲ್ಲಿ ಎರಡನೇ ಪೆಟ್ರೋಲ್ ಟ್ಯಾಂಕು ಕೂರಿಸಿ, ಎರಡಕ್ಕೂ ನಡುವೆ ತಿರುಗಿಸುವ ಕಾಕು ಇಟ್ಟೆ. ಹಿಂದಿನ ಬೆಂಚುಗಳನ್ನು ಮಡಚಿದರೆ ಹಲಗೆ ಸಮವಾಗಿ ಇಬ್ಬರು ಹುಡುಗಿಯರು ಮಲಗುವಷ್ಟು ಜಾಗ. ಉಡುಪಿಯಲ್ಲಿ ಟಾರ್ಪಾಲು ಹೊಲಿಯುವವನ ಹತ್ತಿರ ಹೊಸ ಹುಡ್ಡು, ಬದಿಗೆ ಸುತ್ತಿ ಕಟ್ಟುವ ಕಿಟಕಿ. ಬಾಯಮ್ಮ ಒಂದು ಅಡಿಗೆ ಪೆಟ್ಟಿಗೆಯ ನಕ್ಷೆಯನ್ನೇ ಬರೆದು ತಂದಿದ್ದರು. ಸೀಮೆಎಣ್ಣೆ ಸ್ಟವ್ವಿಗೆ ಒಂದು ಖಾನೆ, ಕುಚ್ಚಲಕ್ಕಿಗೆ ಎರಡು.

"ಅಲ್ಲಿ ಬರೀ ರೊಟ್ಟಿಯಂತೆ. ಇವರಿಗೆ ಮೂರು ದಿನ ಗಂಜಿ ಇಲ್ಲದಿದ್ರೆ ಯಾರ ಹತ್ತಿರವೂ ಮಾತಿಲ್ಲ" ಎಂದರು.

ಆದರೆ ವಾಸನೆ ಹೋಗಲಿಲ್ಲ. ಸೋಪಿನ ನೀರು, ಸುಣ್ಣ, ಹುಳಿ, ಫಿನಾಯಿಲ್, ಎಲ್ಲದರಲ್ಲೂ ತೊಳೆದಾಯಿತು. ಬೆಳಗ್ಗೆ ಇಲ್ಲದಂತೆ ಇದ್ದು ಮಧ್ಯಾಹ್ನ ಬಿಸಿಲೇರಿದ ಮೇಲೆ ಏಳುತ್ತಿತ್ತು. ನನ್ನ ವೆಲ್ಡರ್ ಮೂಗಿಗೆ ಬೈರಾಸು ಕಟ್ಟಿಕೊಂಡು ಕೆಲಸ ಮಾಡಿದ. ಮಕ್ಕಳು ಇದರಲ್ಲಿ ಮಲಗುವುದು ಹೇಗೆ ಎಂದು ಬಾಯಮ್ಮ ಕೇಳಿದಾಗ ಗಾಳಿ ಬಡಿದರೆ ಹೋಗುತ್ತದೆ ಎಂದುಬಿಟ್ಟೆ. ವಾಸನೆ ಎಲ್ಲಿಂದ ಬರುತ್ತದೆ ಎಂದು ನಾನು ಹುಡುಕಬೇಕಿತ್ತು. ಹುಡುಕಲಿಲ್ಲ. ಚಾಸಿಯ ಡಾಂಬರು ಕೆರೆಯದೆ ನಾಲ್ಕು ಕಡೆ ಸುತ್ತಿಗೆಯಿಂದ ತಟ್ಟಿ, ಗಟ್ಟಿ ಉಂಟು ಎಂದು ತೀರ್ಮಾನಿಸಿದ್ದೆ. ಮಾಲಕರಿಗೆ ಕಣ್ಣಿಗೆ ಕಾಣುವ ಸೀಟು, ಹುಡ್ಡು ಬೇಗ ಆಗಬೇಕಿತ್ತು. ನನಗೂ ಅದನ್ನೇ ತೋರಿಸಿ ಹೊಗಳಿಸಿಕೊಳ್ಳುವ ಚಪಲ.

ಹೊರಡಲು ಒಂದು ವಾರವಿರುವಾಗ ಭಾರ ಹೇರಿ ನೋಡಿದೆ. ನಾಲ್ಕು ಜನ, ಎರಡು ಟ್ಯಾಂಕು ಪೆಟ್ರೋಲು, ನೀರು, ಸಾಮಾನು, ಇಷ್ಟರ ಭಾರಕ್ಕೆ ಸರಿಯಾಗಿ ಮುರಕಲ್ಲು ತುಂಬಿಸಿ ಕಾರ್ಕಳದ ಕಲ್ಲುಕೋರೆಯ ದಾರಿಯಲ್ಲಿ ಮುಂದಿನ ಎಳೆತ ಹಾಕಿ ಹತ್ತಿಸಿದೆ. ಗಾಡಿ ಆನೆಯ ಹಾಗೆ ಹತ್ತಿತು. ಖುಷಿಯಿಂದ ಇಳಿದು ನೋಡಿದರೆ ಮೇಲಿನ ಕ್ಯಾರಿಯರಿನ ಎಡಗಾಲು ತನ್ನ ಜಾಗದಿಂದ ಅರ್ಧ ಬೆರಳು ಸರಿದಿತ್ತು. ಬೋಲ್ಟು ಸಡಿಲವಿರಲಿಲ್ಲ. ಗ್ಯಾರೇಜಿಗೆ ತಂದು ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದೆ. ಎರಡು ಅಳತೆ ಒಂದೇ ಆಗಬೇಕು, ಆಗಲಿಲ್ಲ. ಗಾಡಿ ನಡುವಿನಲ್ಲಿ ಸೊಟ್ಟಗಾಗಿತ್ತು.

ಅಡಿಯಲ್ಲಿ ಮಲಗಿ ಡಾಂಬರು ಕೆರೆದು ಗೇಣುಗೇಣಿಗೂ ತಟ್ಟಿದೆ. ಠಣ್ ಎಂದು ಬರುತ್ತಿದ್ದ ಸದ್ದು ಹಿಂದಿನ ಸ್ಪ್ರಿಂಗು ಕೂರುವ ಜಾಗಕ್ಕೆ ಬರುವಾಗ ಒದ್ದೆ ಗೋಣಿಗೆ ಬಡಿದ ಹಾಗಾಯಿತು. ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯ ತನಕ ಒಳಗೆ ಹೋಯಿತು. ಎಳೆದಾಗ ತೂತಿನಿಂದ ಕಪ್ಪು ರಾಡಿ ನನ್ನ ಕುತ್ತಿಗೆಯ ಮೇಲೆ ಸುರಿಯಿತು. ತುಕ್ಕಿನ ಚಕ್ಕೆ, ಕಡಲ ಮರಳು, ಮರುವಾಯಿ ಚಿಪ್ಪಿನ ಚೂರು, ಎಲ್ಲವೂ ಹಳಸಿದ ಮೀನೆಣ್ಣೆಯಲ್ಲಿ ನೆನೆದದ್ದು. ತೆವಳಿಕೊಂಡು ಹೊರಗೆ ಬಂದು ಗೋಡೆಯ ಬದಿಯಲ್ಲಿ ವಾಂತಿ ಮಾಡಿದೆ. ಮೇಲೆ ಥಳುಕು ಒಳಗೆ ಹುಳುಕು ಎಂದು ಗಾದೆ ಹೇಳುವುದು ಸುಲಭ. ಹುಳುಕು ಅಂಗಿಯ ಒಳಗೆ ಇಳಿದಾಗ ಗಾದೆ ನೆನಪಾಗುವುದಿಲ್ಲ.

ಜೀಪಿನ ಚಾಸಿ ಎಂದರೆ ಉದ್ದದ ಎರಡು ಟೊಳ್ಳು ಉಕ್ಕಿನ ತೊಲೆಗಳು. ಒಳಗೆ ಹೋದ ನೀರು ಸೋರಿಹೋಗಲಿ ಎಂದು ಅದರ ಅಡಿಯಲ್ಲಿ ಅಲ್ಲಲ್ಲಿ ತೂತು ಬಿಟ್ಟಿರುತ್ತಾರೆ. ಇದರಲ್ಲಿ ತೂತು ಯಾಕೆ ಕೆಲಸ ಮಾಡಲಿಲ್ಲ ಎಂದು ಮತ್ತೆ ಅಡಿಗೆ ಹೋಗಿ ಹುಡುಕಿದೆ. ತೂತುಗಳಿದ್ದವು. ಒಂದೊಂದಕ್ಕೂ ಯಾರೋ ಮರದ ಬೆಣೆ ಬಡಿದು, ಹತ್ತಿ ತುರುಕಿ, ರಾಳ ಮೆತ್ತಿದ್ದರು. "ಇದ್ಯಾವ ಕತ್ತೆಯ ಕೆಲಸ" ಎಂದು ವೆಲ್ಡರನಿಗೆ ಕೇಳುವಂತೆ ಬೈಯುತ್ತಾ ಒಂದು ಬೆಣೆಯನ್ನು ಕಿತ್ತೆ. ಉಜ್ಜಿ ಬೆಳಕಿಗೆ ಹಿಡಿದೆ. ಹಲಸಿನ ಮರ. ಆರು ಮುಖ. ತುದಿಯಿಂದ ಅರ್ಧ ಇಂಚು ಕೆಳಗೆ ಹತ್ತಿ ಕಚ್ಚಿ ಕೂರಲು ಸುತ್ತಲೂ ಒಂದು ಸಣ್ಣ ಗೀರು.

ಹಾಗೆ ಗೀರು ಹಾಕಲು ನನಗೆ ಕಲಿಸಿದ್ದು ನನ್ನ ಅಪ್ಪ.

ಅಪ್ಪ ಕಾಪುವಿನಲ್ಲಿ ದೋಣಿ ರಿಪೇರಿ ಮಾಡುತ್ತಿದ್ದರು. ಸಂದಿಗೆ ಹತ್ತಿ, ಅದರ ಮೇಲೆ ರಾಳ, ಎಲ್ಲದಕ್ಕೂ ಮೀನೆಣ್ಣೆ. ನಾನು ದೋಣಿ ಬಿಟ್ಟು ಗಾಡಿಯ ಕೆಲಸ ಕಲಿತೆ. ಎಪ್ಪತ್ತರ ದಶಕದ ನಡುವಿನಲ್ಲಿ ಕಾಪುವಿನ ಹೆದ್ದಾರಿ ಬದಿಯಲ್ಲಿ ಒಂದು ತೆಂಗಿನ ಮಡಲಿನ ಕೊಟ್ಟಿಗೆಯಲ್ಲಿ ಕೆಲಸ ಮಾಡುತ್ತಿದ್ದಾಗ ಒಬ್ಬ ಮೀನು ಸಾಹುಕಾರರು ಜೀಪು ತಂದರು. ಒದ್ದೆ ಮರಳಿನಲ್ಲಿ ನೀರಿನ ಅಂಚಿನ ತನಕ ಇಳಿದು ಬೂತಾಯಿ ಬುಟ್ಟಿಗಳನ್ನು ಹೊತ್ತು ತರುವ ಗಾಡಿ. ದಿನಾ ಚಾಸಿಯ ಒಳಗೆ ಉಪ್ಪುನೀರು ಹೋಗುತ್ತದೆ, ಎಂತಾದರೂ ಮಾಡು ಎಂದರು. ನಾನು ದೋಣಿ ಮನೆಯವನು. ತೂತು ಕಂಡರೆ ಮುಚ್ಚಬೇಕು ಎಂಬುದು ರಕ್ತದಲ್ಲೇ ಬಂದದ್ದು. ಒಂದು ಡಬ್ಬ ಮೀನೆಣ್ಣೆಯನ್ನು ತೊಲೆಯ ಒಳಗೆ ಹೊಯ್ದು, ಎಲ್ಲ ತೂತಿಗೂ ಬೆಣೆ ಹೊಡೆದೆ. ದೋಣಿಗೆ ನೀರು ಒಳಗೆ ಬರಬಾರದು, ಗಾಡಿಗೆ ಬಂದ ನೀರು ಹೊರಗೆ ಹೋಗಬೇಕು ಎಂಬ ವ್ಯತ್ಯಾಸ ತಲೆಗೆ ಹೊಳೆಯಲೇ ಇಲ್ಲ. ಮೇಲಿನ ಬೋಲ್ಟಿನ ಸಂದಿಗಳಿಂದ ನೀರು ಇಳಿಯುತ್ತಲೇ ಇತ್ತು, ಹೋಗಲು ಮಾತ್ರ ದಾರಿಯಿಲ್ಲ. ಸಾಹುಕಾರರು ಭೇಷ್ ಎಂದರು. ಅವರನ್ನು ನೋಡಿ ಬೇರೆಯವರೂ ಬಂದರು. ಒಟ್ಟು ಏಳು ಜೀಪುಗಳಿಗೆ ಹೊಡೆದೆ. ಆಮೇಲೆ ಕಾರ್ಕಳಕ್ಕೆ ಬಂದೆ, ಮರೆತುಬಿಟ್ಟೆ.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದವನ ಎಲೆಯ ನೊಣ ತೋರಿಸುವವನ ಗಾದೆ ಎಲ್ಲರಿಗೂ ಗೊತ್ತು. ನಾನು ಆ ನೊಣಗಳನ್ನು ಮೊಳೆಗೆ ಬೇರೆ ನೇತುಹಾಕಿದ್ದೆ. ಬೆಣೆಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಬಂದರು. ಕೊಳೆತ ಜಾಗ ತೋರಿಸಿ, ನೀರು ಸೋರುವ ತೂತುಗಳನ್ನು ಯಾರೋ ಮುಚ್ಚಿದ್ದರು ಎಂದೆ. ಪೊರ್ಬುಗಳು ಬಗ್ಗಿ ಕೊಳೆತ ಜಾಗಕ್ಕೆ ಬೆರಳು ಹಾಕಿ ನೋಡಿದರು. ಆಮೇಲೆ ದಲ್ಲಾಳಿಗೆ ಬೈದರು, ತೂತು ಮುಚ್ಚಿದವನಿಗೆ ಅದರ ಹತ್ತು ಪಾಲು ಬೈದರು. ಅವನ ಕೈಗೆ ಕುಷ್ಠ ಹಿಡಿಯಲಿ ಎಂದರು. ನಾನು ತಲೆಯಾಡಿಸಿದೆ. ಹೌದು, ತಲೆಯಾಡಿಸಿದೆ. ಈ ಕಥೆಯಲ್ಲಿ ಬರೆಯಲು ನನಗೆ ಎಲ್ಲಕ್ಕಿಂತ ಹೇಸಿಗೆಯಾಗುವ ವಾಕ್ಯ ಅದೇ.

"ಮೇಲಿಂದ ಪ್ಲೇಟು ಹೊಡೆದು ಕೊಡಿ ಮೇಸ್ತ್ರಿಯವರೇ. ನಾಲ್ಕು ದಿನದ ಕೆಲಸ ಅಲ್ವಾ? ನಾನು ನಿಧಾನ ಓಡಿಸ್ತೇನೆ. ಮಕ್ಕಳು ಸ್ವೆಟರು ಎಲ್ಲ ಹಾಕಿ ನೋಡಿ ಆಗಿದೆ" ಎಂದರು.

ಪ್ಲೇಟು ಹೊಡೆಯಬಹುದಿತ್ತು. ಎರಡೂ ಬದಿಗೆ ಹೊಸ ತಗಡು, ಮೇಲೆ ಡಾಂಬರು, ಎರಡು ಸಾವಿರ ಮೈಲಿ ಹೋದರೂ ಹೋದೀತು. ಹೋಗದಿದ್ದರೆ ಬೆಟ್ಟದ ದಾರಿಯಲ್ಲಿ, ಇಬ್ಬರು ಮಕ್ಕಳು ಹಲಗೆಯ ಮೇಲೆ ಮಲಗಿರುವಾಗ, ಸ್ಪ್ರಿಂಗು ಕೊಳೆತ ತೊಲೆಯನ್ನು ಹರಿದುಕೊಂಡು ಮೇಲೆ ಬರುತ್ತದೆ. ನಾಳೆ ಹೇಳುತ್ತೇನೆ ಎಂದೆ.

ಹೊರಡುವಾಗ ಬಾಯಮ್ಮ ಗೋಡೆಯ ಕಡೆ ನೋಡಿದರು. "ಇಷ್ಟು ದೊಡ್ಡ ಹೇಸಿಗೆ ಸಿಕ್ಕಿದೆ, ಮೊಳೆಗೆ ಎಂತದೂ ಹಾಕಲಿಲ್ಲವಾ?"

"ಎಲ್ಲ ಪುಡಿಯಾಗಿ ಹೋಯ್ತು ಬಾಯಮ್ಮ" ಎಂದೆ. ಜೇಬಿನಲ್ಲಿ ಬೆಣೆ ತೊಡೆಗೆ ಒತ್ತುತ್ತಿತ್ತು.

ಮನೆಯಲ್ಲಿ ಆ ದಿನ ಬೂತಾಯಿ ಪುಳಿಮುಂಚಿ. ಒಂದು ತುತ್ತು ಬಾಯಿಗಿಟ್ಟು ಎದ್ದೆ. ಹೆಂಡತಿ ಹುಷಾರಿಲ್ಲವಾ ಎಂದು ಕೇಳಿದಳು. ಎರಡು ಸಲ ಸ್ನಾನ ಮಾಡಿದ್ದರೂ ಕೈ ಮೂಸಿದರೆ ಅದೇ ವಾಸನೆ ಇದೆ ಅನ್ನಿಸುತ್ತಿತ್ತು. ಪ್ಲೇಟು ಹೊಡೆದರೆ ಏನಾಗುತ್ತದೆ ಎಂದು ಯೋಚಿಸಿದೆ. ಮೊದಲ ಸಲ ನಾನು ಮಾಡಿದ್ದು ತಿಳಿಯದೆ. ಎರಡನೆಯ ಸಲ ಅದರ ಮೇಲೆ ತಿಳಿದೇ ಮುಚ್ಚಿದ ಹಾಗೆ. ಮಾಡುವುದಿಲ್ಲ ಎಂದು ಅವರಿಗೆ ಹೇಳಿದರೂ ಪ್ರಯೋಜನವಿಲ್ಲ, ನಾಳೆ ಬೇರೆ ಯಾರಾದರೂ ಹೊಡೆದು ಕೊಡುತ್ತಾರೆ. ಅಂಥ ಮಹಾಶಯರಿಗೆ ನಮ್ಮಲ್ಲಿ ಬರಗಾಲವಿಲ್ಲ.

ಬೆಳಗ್ಗೆ ಪೊರ್ಬುಗಳು ಬರುವ ಮೊದಲೇ ಗ್ಯಾಸ್ ಕಟ್ಟರ್ ಹಚ್ಚಿದೆ. ಬಾಡಿಯನ್ನು ಜಾಕಿನ ಮೇಲೆ ಎತ್ತಿ, ಕೊಳೆತ ತೊಲೆಯನ್ನು ಎಡಕ್ಕೂ ಬಲಕ್ಕೂ ಅಡ್ಡಲಾಗಿ ತುಂಡು ಮಾಡಿದೆ. ಒಳಗಿನ ಎಣ್ಣೆಗೆ ಬೆಂಕಿ ಹತ್ತಿ ಕಪ್ಪು ಹೊಗೆ ಬಸ್ ಸ್ಟ್ಯಾಂಡಿನ ತನಕ ಹೋಯಿತಂತೆ. ಪಕ್ಕದ ಹೊಟೇಲಿನವರು ಬಂದು ನಮ್ಮ ಗಿರಾಕಿಗಳು ಎದ್ದು ಹೋಗುತ್ತಿದ್ದಾರೆ ಎಂದು ಜಗಳ ಮಾಡಿದರು. ವೆಲ್ಡರ್ ಕಟ್ಟರ್ ಕಸಿದುಕೊಳ್ಳಲು ನೋಡಿದ. "ಮಾಲಕರನ್ನು ಕೇಳದೆ ಎಂತ ಮಾಡ್ತೀರಿ ಮಾರಾಯ್ರೆ" ಎಂದ. ಅವನು ಹೇಳಿದ್ದು ಸರಿ. ನಾನು ಮಾಡಿದ್ದು ಸರಿಯಲ್ಲ. ಆದರೆ ತುಂಡಾದ ತೊಲೆಗೆ ಇನ್ನು ಯಾರೂ ಪ್ಲೇಟು ಹೊಡೆಯಲಾರರು.

ಬಾಯಮ್ಮನ ಜೊತೆ ಬಂದ ಪೊರ್ಬುಗಳು ಎರಡು ತುಂಡಾದ ಜೀಪು ನೋಡಿ ನನ್ನ ಅಂಗಿಯ ಕಾಲರಿಗೆ ಕೈ ಹಾಕಿದರು. ನಾನು ಜೇಬಿನಿಂದ ಬೆಣೆ ತೆಗೆದು ಅವರ ಕೈಯಲ್ಲಿಟ್ಟೆ.

"ಇದು ಅದರಲ್ಲಿ ಸಿಕ್ಕಿದ್ದು. ಹೊಡೆದದ್ದು ನಾನೇ. ಕಾಪುವಿನಲ್ಲಿ ಇರುವಾಗ. ನಿನ್ನೆ ನೀವು ಬೈದದ್ದು ನನಗೆ" ಎಂದೆ.

ಅವರು ಕಾಲರು ಬಿಟ್ಟರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮುಖ ತಿರುಗಿಸಿ ಹೋಗಿ, ಬದಿಗೆ ಬಿಚ್ಚಿಟ್ಟಿದ್ದ ಮಡಚುವ ಬೆಂಚಿನ ಮೇಲೆ ಕುಳಿತು ಕಣ್ಣೊರೆಸಿಕೊಂಡರು. ಬಾಯಮ್ಮ ಬೆಣೆಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಮೂಸಿದರು, ಮೂಗು ಮುರಿದರು. ಆಮೇಲೆ ಕೇಳಿದರು: "ಇನ್ನೆಷ್ಟು ಗಾಡಿಗೆ ಹೊಡೆದಿದ್ದೀರಿ?"

"ಆರು."

"ಅದರಲ್ಲೂ ಜನ ಕೂರ್ತಾರೆ ಅಲ್ವಾ?"

ಆ ಪ್ರಶ್ನೆ ನನಗೆ ಹಿಂದಿನ ದಿನವಿಡೀ ಹೊಳೆದಿರಲಿಲ್ಲ. ನನ್ನ ಮರ್ಯಾದೆಯದ್ದೇ ಚಿಂತೆಯಾಗಿತ್ತು. ಬಾಯಮ್ಮ ಒಂದು ತುಂಡು ತಂತಿ ಕೇಳಿ ಪಡೆದು ತಾವೇ ಬೆಣೆಯನ್ನು ಕಟ್ಟಿ ಮೊಳೆಗೆ ಹಾಕಿದರು.

ಮಂಗಳೂರಿನ ಗುಜರಿಯಲ್ಲಿ ಒಂದು ಚಾಸಿ ಸಿಕ್ಕಿತು, ಘಟ್ಟದ ಮೇಲೆ ಮಗುಚಿ ಬಿದ್ದ ಜೀಪಿನದ್ದು. ಕನ್ನಡಿ ಮತ್ತು ಟಾರ್ಚು ಹಿಡಿದು ತೊಲೆಯ ಒಳಗನ್ನೆಲ್ಲ ನೋಡಿದೆ, ಉದ್ದಕ್ಕೂ ತಟ್ಟಿದೆ, ಪ್ರತಿ ತೂತಿಗೂ ತಂತಿ ತೂರಿಸಿದೆ. ಬಾಡಿ, ಎಂಜಿನ್, ಆಕ್ಸಲ್ ಎಲ್ಲ ಇಳಿಸಿ ಹೊಸದಕ್ಕೆ ಕೂರಿಸಬೇಕಾಯಿತು. ಸ್ಪ್ರಿಂಗಿನ ಪಿನ್ನು, ಬುಷ್ಷುಗಳನ್ನು ಮಣಿಪಾಲದ ಒಂದು ಲೇತಿನ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು ಮಾಡಿಸಿದೆ. ಚಾಸಿಯ ನಂಬರು ಬದಲಾದ ಕಾಗದಪತ್ರಕ್ಕೆ ಒಂದು ವಾರ. ಕೂಲಿಯ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಮೇ ತಿಂಗಳ ಎರಡನೆಯ ವಾರ ಗಾಡಿ ತಯಾರಾಗಿ ನಿಂತಿತು. ಭಾರ ಹೇರಿ ಅದೇ ಕೋರೆಯ ದಾರಿ ಹತ್ತಿಸಿ ದಾರ ಹಿಡಿದೆ. ಎರಡು ಅಳತೆಯೂ ಒಂದೇ. ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿ ಬಾಯಮ್ಮನನ್ನು ಕರೆದು ಮೂಸಲು ಹೇಳಿದೆ. "ಈಗ ಬರೀ ಪೈಂಟು" ಎಂದರು.

ಕಾಶ್ಮೀರಕ್ಕೆ ದಿನ ಸಾಲಲಿಲ್ಲ. ಹಂಪಿ, ಬಿಜಾಪುರ ನೋಡಿ ಬಂದರು. ಮೇ ತಿಂಗಳ ಬಿಜಾಪುರದ ಸೆಕೆಯಲ್ಲಿ, ಸೀಟಿನ ಅಡಿಗೆ ತುರುಕಿದ ನಾಲ್ಕು ಸ್ವೆಟರುಗಳ ಸಮೇತ. ದೊಡ್ಡವಳು ಆ ವರ್ಷವೇ ಹಾಸ್ಟೆಲ್ಲಿಗೆ ಹೋದಳು. ನಾಲ್ಕೂ ಜನ ಒಟ್ಟಿಗೆ ಕಾಶ್ಮೀರಕ್ಕೆ ಹೋಗಲು ಆಮೇಲೂ ಆಗಲಿಲ್ಲ. ಪೊರ್ಬುಗಳು ನನ್ನ ಗ್ಯಾರೇಜಿಗೆ ಬರುವುದನ್ನು ಬಿಡಲಿಲ್ಲ. ಆದರೆ ಕೆಲಸ ಮುಗಿದ ಮೇಲೆ ಅಡಿಯಲ್ಲಿ ತಾವೇ ಬಗ್ಗಿ ನೋಡಿದ ನಂತರವೇ ಗಾಡಿ ತೆಗೆಯುವುದು. ಅದು ಅವರ ಹಕ್ಕು.

ಆ ಮಳೆಗಾಲ ಪ್ರತಿ ಭಾನುವಾರ ಸುತ್ತಿಗೆ, ಪಂಚು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಕಾಪು, ಪಡುಬಿದ್ರಿ, ಎಲ್ಲೂರು ಎಂದು ಅಲೆದೆ. ಎರಡು ಜೀಪು ಗುಜರಿಯಾಗಿ ಮೂಲೆಯಲ್ಲಿ ಬಿದ್ದಿದ್ದವು. ಅವುಗಳಲ್ಲಿ ಒಂದರಲ್ಲಿ ಕೋಳಿ ಸಾಕಿದ್ದರು. ಇನ್ನೂ ಓಡುತ್ತಿದ್ದ ಎರಡರ ಮಾಲಕರು ಸುಮ್ಮನೆ ಬೆಣೆ ತೆಗೆಸಿಕೊಂಡರು. ಪಡುಬಿದ್ರಿಯವರೊಬ್ಬರು ಮಾತ್ರ ಬೆಣೆ ಮುಟ್ಟಲು ಬಿಡಲಿಲ್ಲ. "ಎಂತ ಮಾತಾಡ್ತಿ ಮಾರಾಯ? ಏಳು ವರ್ಷದಲ್ಲಿ ಒಂದು ತೊಟ್ಟು ನೀರು ಹೊರಗೆ ಬಂದದ್ದಿಲ್ಲ. ಬೆಣೆ ಅಂದ್ರೆ ನೀನು ಹೊಡೆದದ್ದು" ಎಂದು ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಹೊಗಳಿದರು. ಆ ಹೊಗಳಿಕೆಯಷ್ಟು ಹೊಲಸು ಮಾತನ್ನು ನಾನು ಈವರೆಗೆ ಕೇಳಿಲ್ಲ. ಅರ್ಧ ದಿನ ಅಂಗಲಾಚಿದ ಮೇಲೆ ಒಂದನ್ನು ಮಾತ್ರ ತೆಗೆಯಲು ಒಪ್ಪಿದರು. ಪಂಚು ಇಟ್ಟು ಬಡಿದೆ. ಅವರ ಬಿಳಿ ಪಂಚೆಯ ಅಂಚಿನ ತನಕ ಕರಿ ನೀರು ಹರಿಯಿತು. ಉಳಿದ ಬೆಣೆಗಳನ್ನು ಅವರೇ ಬಡಿದು ತೆಗೆದರು. ನನಗೆ ಒಂದು ಲೋಟ ನೀರೂ ಕೊಡದೆ ಕಳಿಸಿದರು.

ಈಗ ಹೇಸಿಗೆ ಸಾಲಿನಲ್ಲಿ ಜೀಪಿಗೊಂದರಂತೆ ಆರು ಬೆಣೆಗಳು ತೂಗುತ್ತಿವೆ. ಇದು ಯಾವ ಪುಣ್ಯಾತ್ಮನ ಕೆಲಸ ಎಂದು ಬಂದವರು ಕೇಳುತ್ತಾರೆ. ನನ್ನದು ಎಂದರೆ ತಮಾಷೆ ಎಂದುಕೊಂಡು ನಗುತ್ತಾರೆ. ಪಕ್ಕದಲ್ಲಿ ಒಂದು ಮೊಳೆ ಖಾಲಿ ಬಿಟ್ಟಿದ್ದೇನೆ. ಏಳನೆಯ ಜೀಪನ್ನು ಯಾರೋ ಕೊಂಡು ಘಟ್ಟದ ಮೇಲೆ ತೆಗೆದುಕೊಂಡು ಹೋದರು ಎಂದಷ್ಟೇ ಗೊತ್ತಾಯಿತು. ಒಳ್ಳೆಯ ಬಣ್ಣ ಹೊಡೆದು ಮಾರಿರಬೇಕು. ಅದರಲ್ಲಿ ಇವತ್ತು ಯಾರು ಮಕ್ಕಳನ್ನು ಕೂರಿಸಿಕೊಂಡು ಎಲ್ಲಿಗೆ ಹೊರಟಿದ್ದಾರೋ ನನಗೆ ಗೊತ್ತಿಲ್ಲ.